ಆಟೋಮ್ಯಾಟಿಕ್ ಕಾರಿಗೆ ಟರ್ಬೋನಾ, ಸೂಪರ್‌ಚಾರ್ಜರಾ? ಮೊದಲು ಗೇರ್‌ಬಾಕ್ಸ್ ನೋಡಿ

ನಾನು ದಾವಣಗೆರೆಯವನು. ಈಗ ಇರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಪಕ್ಕದಲ್ಲಿ. ಕಾರು 2016ರ ಫೋರ್ಡ್ ಮಸ್ಟ್ಯಾಂಗ್ ಜಿಟಿ, 5 ಲೀಟರಿನ ವಿ8, ಆರು ಗೇರಿನ ಆಟೋಮ್ಯಾಟಿಕ್. ಶೋರೂಮಿನಿಂದ ಬರುವಾಗಲೇ 435 ಹಾರ್ಸ್‌ಪವರ್. "ಇಷ್ಟು ಸಾಲದಾ?" ಅಂದಳು ಹೆಂಡತಿ. ಸಾಕಿತ್ತು. ಆದರೂ ಕೈ ತುರಿಸುತ್ತಿತ್ತು.

ಬಲ ಹೆಚ್ಚಿಸಲು ಇರುವ ದಾರಿ ಟರ್ಬೋ ಇಲ್ಲವೇ ಸೂಪರ್‌ಚಾರ್ಜರ್. ಎರಡೂ ಮಾಡುವ ಕೆಲಸ ಒಂದೇ, ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವುದು. ಆ ಒತ್ತಡಕ್ಕೇ ಬೂಸ್ಟ್ ಅನ್ನುವುದು. ಟರ್ಬೋ ತಿರುಗುವುದು ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆಯ ರಭಸಕ್ಕೆ. ಸೂಪರ್‌ಚಾರ್ಜರ್ ಎಂಜಿನ್ನಿನ ಬೆಲ್ಟಿಗೆ ಜೋತುಬಿದ್ದು ತಿರುಗುತ್ತದೆ, ಹಾಗಾಗಿ ಎಂಜಿನ್ನಿನ ಶಕ್ತಿಯಲ್ಲೇ ಸ್ವಲ್ಪ ತಿನ್ನುತ್ತದೆ.

ಟರ್ಬೋಗೆ ಆಟೋಮ್ಯಾಟಿಕ್ ಆಗಿಬರಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮ್ಯಾನ್ಯುಯಲ್‌ನಲ್ಲಿ ಗೇರ್ ಬದಲಿಸುವಾಗ ಆಕ್ಸಿಲರೇಟರ್‌ನಿಂದ ಕಾಲು ಎತ್ತುತ್ತೀರಿ, ಬೂಸ್ಟ್ ಇಳಿಯುತ್ತದೆ. ಆಟೋಮ್ಯಾಟಿಕ್‌ನಲ್ಲಿ ಕಾಲು ಎತ್ತುವ ಮಾತೇ ಇಲ್ಲ, ಬೂಸ್ಟ್ ಹಾಗೇ ನಿಲ್ಲುತ್ತದೆ. ನನ್ನ ಕಾರಿನ 6ಆರ್80 ಗೇರ್‌ಬಾಕ್ಸನ್ನೇ ಫೋರ್ಡ್ ತನ್ನ ಎಫ್-150 ಪಿಕಪ್‌ನಲ್ಲಿ 3.5 ಲೀಟರಿನ ಅವಳಿ ಟರ್ಬೋ ಎಂಜಿನ್ ಜೊತೆ ಕೊಟ್ಟಿತ್ತು.

ಸೂಪರ್‌ಚಾರ್ಜರ್‌ನ ಗುಣ ಬೇರೆ. ಒಳಗೆ ಜೋಡಿ ರೋಟರ್‌ಗಳು ತಿರುಗಿ ಗಾಳಿ ತಳ್ಳುವ ರೂಟ್ಸ್ ಅಥವಾ ಟ್ವಿನ್-ಸ್ಕ್ರೂ ಜಾತಿಯದ್ದಾದರೆ ಪೆಡಲ್ ಮುಟ್ಟಿದ ತಕ್ಷಣ ಎಳೆತ ಬರುತ್ತದೆ. ಅದೇ ತೊಂದರೆಯೂ ಹೌದು. ನಿಂತ ಕಾರು ಹೊರಡುವಾಗ, ಎಂಜಿನ್ನಿಗೂ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೂ ನಡುವೆ ಕೂರುವ ಟಾರ್ಕ್ ಕನ್ವರ್ಟರ್ ಎಂಜಿನ್ನಿನ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಸುಮಾರು ಎರಡು ಪಟ್ಟು ಮಾಡುತ್ತದೆ. ಅದರ ಮೇಲೆ ಸೂಪರ್‌ಚಾರ್ಜರ್ ಕೂಡ ಸೇರಿದರೆ ಪೆಟ್ಟೆಲ್ಲ ಬೀಳುವುದು ಗೇರ್‌ಬಾಕ್ಸ್ ಮತ್ತು ಹಿಂದಿನ ಟೈರುಗಳ ಮೇಲೆ. ಆದ್ದರಿಂದ ಟರ್ಬೋ ಅಥವಾ ಸೂಪರ್‌ಚಾರ್ಜರ್ ಕಿಟ್ ನೋಡುವ ಮೊದಲು, ನಿಮ್ಮ ಗೇರ್‌ಬಾಕ್ಸ್ ಎಷ್ಟು ಟಾರ್ಕ್ ತಡೆಯುತ್ತದೆ ಅಂತ ತಿಳಿದುಕೊಳ್ಳಿ. ಗೇರ್‌ಗಳ ಬದಲು ಪುಲ್ಲಿಗಳ ನಡುವೆ ಬೆಲ್ಟ್ ಓಡುವ ಸಿವಿಟಿ ಆಗಿದ್ದರೆ ಎರಡನ್ನೂ ಮರೆತುಬಿಡಿ. ಆ ಬೆಲ್ಟ್ ಜಾರಿದರೆ ಕಥೆ ಮುಗೀತು.

ಗೇರ್‌ಬಾಕ್ಸ್ ಆಯಿಲ್ ತೆಗೆಸಿ ನೋಡಿ. ನಾನು ಬಿಳಿ ಟಿಶ್ಯೂ ಮೇಲೆ ಎರಡು ಹನಿ ಹಾಕಿಸಿದೆ. ಕೆಂಪಗಿದ್ದರೆ ಸರಿ. ಕಪ್ಪಗಿದ್ದು ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್‌ಗಳು ಆಗಲೇ ಸವೆಯುತ್ತಿವೆ. ಅಂಥ ಗೇರ್‌ಬಾಕ್ಸ್ ಮೇಲೆ ದುಡ್ಡು ಸುರಿಯಬೇಡಿ. ನನ್ನದು ಕಂದು ಬಣ್ಣಕ್ಕೆ ತಿರುಗಿತ್ತು. ಆಯಿಲ್ ಬದಲಿಸಿ, ದೊಡ್ಡ ಕೂಲರ್ ಹಾಕಿಸಿದ ಮೇಲೇ ಮುಂದಿನ ಮಾತು.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ತಕರಾರಿದೆ. ರಾಜ್ಯದ ವಾಯುಮಾಲಿನ್ಯ ಇಲಾಖೆಯಾದ ಏರ್ ರಿಸೋರ್ಸಸ್ ಬೋರ್ಡ್ ಕೊಟ್ಟ ಇ.ಒ. ನಂಬರ್, ಅಂದರೆ ಒಪ್ಪಿಗೆ ನಂಬರ್, ಕಿಟ್ ಮೇಲೆ ಇರಬೇಕು. ಇಲ್ಲದಿದ್ದರೆ ಹೊಗೆ ತಪಾಸಣೆಯಾದ ಸ್ಮಾಗ್ ಚೆಕ್‌ನಲ್ಲಿ ಫೇಲ್. ಒಂದು ಅಂಗಡಿಯವನು ಟರ್ಬೋ ಹಾಕಿಕೊಡುತ್ತೇನೆ, ಅಗ್ಗ ಅಂದ. ಇ.ಒ. ನಂಬರ್ ಎಲ್ಲಿ ಅಂದರೆ ನಕ್ಕ. ಎದ್ದು ಬಂದೆ. ಟರ್ಬೋ ಕೂರಿಸಲು ಎಂಜಿನ್ನಿನಿಂದ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನೇ ಬಿಚ್ಚಬೇಕು, ಎಂಜಿನ್ ಆಯಿಲ್ ಹೋಗಿಬರಲು ಪೈಪ್ ಎಳೆಯಬೇಕು, ಬಿಸಿಯೂ ಜಾಸ್ತಿ. ಸೂಪರ್‌ಚಾರ್ಜರ್ ಎಂಜಿನ್ನಿನ ಮೇಲೆ ಕೂರುತ್ತದೆ, ಎಕ್ಸಾಸ್ಟ್ ಕಡೆ ಕೈ ಹಾಕುವ ಕೆಲಸವಿಲ್ಲ. ನನ್ನ ಕೈಗೆ ಸಿಕ್ಕ ನಂಬರ್ ಇರುವ ಕಿಟ್ ಸೂಪರ್‌ಚಾರ್ಜರ್‌ದೇ. ಅದನ್ನೇ ಹಾಕಿಸಿದೆ.

ಟರ್ಬೋ ಗೆಲ್ಲುವ ಜಾಗವೂ ಇದೆ, ಒಪ್ಪುತ್ತೇನೆ. ಇಂಟರ್‌ಸ್ಟೇಟ್ 80 ಹೆದ್ದಾರಿಯಲ್ಲಿ ಟಾಹೋ ಸರೋವರದ ಕಡೆ ಹೋಗುವಾಗ ಡಾನರ್ ಘಟ್ಟದಲ್ಲಿ ರಸ್ತೆ 2,200 ಮೀಟರ್ ಎತ್ತರಕ್ಕೆ ಏರುತ್ತದೆ. ಅಲ್ಲಿ ಗಾಳಿ ತೆಳು. ಟರ್ಬೋ ಇನ್ನಷ್ಟು ಜೋರಾಗಿ ತಿರುಗಿ ಆ ಕೊರತೆಯನ್ನು ಬಹುಪಾಲು ತುಂಬಿಕೊಳ್ಳುತ್ತದೆ. ಸೂಪರ್‌ಚಾರ್ಜರ್ ಬೆಲ್ಟ್ ಹೇಳಿದಷ್ಟೇ ತಿರುಗುವುದು, ಹಾಗಾಗಿ ನನ್ನ ಕಾರು ಮೇಲೆ ಹೋದಂತೆ ಸ್ವಲ್ಪ ಸಪ್ಪೆಯಾಗುತ್ತದೆ. ವರ್ಷಕ್ಕೆ ನಾಲ್ಕು ಸಲ ಹೋಗುವ ನನಗೆ ಪರವಾಗಿಲ್ಲ. ಮನೆಯೇ ಬೆಟ್ಟದ ಮೇಲಿದ್ದರೆ ನೀವು ಟರ್ಬೋ ಕಡೆ ವಾಲಿ.

ಬೂಸ್ಟ್‌ಗೆ ದುರಾಸೆ ಬೇಡ. ನನ್ನ ಎಂಜಿನ್ ಒಳಗಿನ ಗಾಳಿಯನ್ನು ಹಿಂಡುವ ಪ್ರಮಾಣ, ಅಂದರೆ ಕಂಪ್ರೆಷನ್, 11:1, ಇಲ್ಲಿನ ಬಂಕ್‌ಗಳಲ್ಲಿ ಸಿಗುವ ಪ್ರೀಮಿಯಂ ಪೆಟ್ರೋಲ್ 91 ಆಕ್ಟೇನ್. ಜಾಸ್ತಿ ಒತ್ತಿದರೆ ಪೆಟ್ರೋಲ್ ಹೊತ್ತಬಾರದ ಹೊತ್ತಲ್ಲಿ ತಾನೇ ಹೊತ್ತಿ ಎಂಜಿನ್ ನಾಕ್ ಮಾಡುತ್ತದೆ.

ಜನ ಮರೆಯುವುದು ಟ್ಯೂನ್, ಅಂದರೆ ಕಾರಿನ ಕಂಪ್ಯೂಟರಿನ ಸೆಟ್ಟಿಂಗ್. ಎಂಜಿನ್ ಈಗ ಎಷ್ಟು ಟಾರ್ಕ್ ಕೊಡುತ್ತಿದೆ ಅಂತ ಕಂಪ್ಯೂಟರ್ ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಗೇರ್‌ಬಾಕ್ಸಿನ ಆಯಿಲ್ ಒತ್ತಡ ಇಡುತ್ತದೆ. ಎಂಜಿನ್ ಬಲ ಹೆಚ್ಚಿಸಿ ಈ ಲೆಕ್ಕ ತಿದ್ದದಿದ್ದರೆ ಒತ್ತಡ ಸಾಲದೆ ಕ್ಲಚ್ ಜಾರುತ್ತದೆ. ನನಗೆ ಮೊದಲ ವಾರವೇ ಹೀಗಾಯಿತು. ಎರಡರಿಂದ ಮೂರಕ್ಕೆ ಹೋಗುವಾಗ ಆರ್‌ಪಿಎಂ ಮುಳ್ಳು ಒಂದು ಕ್ಷಣ ಸುಮ್ನೆ ಮೇಲಕ್ಕೆ ಹಾರಿ ಬೀಳುತ್ತಿತ್ತು. ಹೀಗೆ ಕಂಡರೆ ಕಾಲು ಎತ್ತಿ, ಮೆಲ್ಲಗೆ ಮನೆಗೆ ಬನ್ನಿ, ಟ್ಯೂನ್ ಸರಿಮಾಡಿಸುವವರೆಗೆ ಜೋರಾಗಿ ಓಡಿಸಬೇಡಿ.

ಅಕ್ಕನ ಮಗ ಊರಿಂದ ಫೋನ್ ಮಾಡಿ, "ಮಾಮ, ನನ್ನ ಕಾರಿಗೂ ಹಾಕಿಸಲಾ?" ಅಂದ. ಬೇಡ ಕಣೋ ಅಂದೆ. ಅಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ರೂಪ ಬದಲಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಆಸೆ ಇದ್ದರೆ ಕಂಪನಿಯೇ ಟರ್ಬೋ ಹಾಕಿ ಮಾರುವ ಆಟೋಮ್ಯಾಟಿಕ್ ತಗೋ ಅಂದೆ.