ಒಂದೇ ಕೋರ್ಸು, ಮೂರು ಭಾಷೆ: ನನ್ನ ಅನುಭವ

ಪರಿಸರ ಅಧ್ಯಯನದ ಆನ್‌ಲೈನ್ ಕೋರ್ಸೊಂದನ್ನು ಇಂಗ್ಲಿಷ್, ಸ್ಪ್ಯಾನಿಷ್ ಮತ್ತು ಅರಬ್ಬಿಯಲ್ಲಿ ರೂಪಿಸಲು ಮೂರು ದೇಶಗಳ ನಾವು ಐವರು ಅಧ್ಯಾಪಕರು ಕೂಡಿದಾಗ, ಮೊದಲು ಇಂಗ್ಲಿಷಿನಲ್ಲಿ ಬರೆದು ಮುಗಿಸಿ, ಅನುವಾದವನ್ನು ಕೊನೆಗೆ ನೋಡಿಕೊಳ್ಳೋಣ ಎಂದವನು ನಾನೇ. ಆ ಸಲಹೆಯಿಂದಾಗಿ ಒಂದು ಇಡೀ ಘಟಕವನ್ನು ಮತ್ತೆ ಬರೆಯಬೇಕಾಯಿತು.

ತೊಡಕು ಎದ್ದದ್ದು ಪಾಠದಲ್ಲಲ್ಲ, ವಿದ್ಯಾರ್ಥಿಗಳಿಗೆ ಕೊಡುವ ಸೂಚನೆಗಳಲ್ಲಿ. ಕಲಿಕೆಯನ್ನು ಅಳೆಯುವುದಕ್ಕೆ ‘ಅಸೆಸ್‌ಮೆಂಟ್’ ಎಂದೂ ಕೋರ್ಸಿನ ಗುಣಮಟ್ಟವನ್ನು ಅಳೆಯುವುದಕ್ಕೆ ‘ಇವ್ಯಾಲ್ಯುಯೇಷನ್’ ಎಂದೂ ನಾನು ಬರೆದಿದ್ದೆ. ಸ್ಪ್ಯಾನಿಷಿನಲ್ಲಿ ಎರಡಕ್ಕೂ ಸಾಮಾನ್ಯವಾಗಿ ‘ಎವಲುವಾಸಿಯೊನ್’ ಎಂಬ ಒಂದೇ ಪದ. ಹೀಗಾಗಿ ಅಂಕವಿಲ್ಲದ ಅಭಿಪ್ರಾಯ ಪ್ರಶ್ನಾವಳಿಯನ್ನು ಆ ಗುಂಪಿನ ಹಲವರು ಪರೀಕ್ಷೆಯೆಂದೇ ತಿಳಿದರು, ಒಬ್ಬ ವಿದ್ಯಾರ್ಥಿನಿಯಂತೂ ‘ಓದಿನ ಹೊರೆ ಹೆಚ್ಚಾಯಿತೇ?’ ಎಂಬ ಪ್ರಶ್ನೆಗೆ ಆಧಾರಗಳ ಸಮೇತ ಎರಡು ಪುಟದ ಉತ್ತರ ಬರೆದಿದ್ದಳು. (ಉತ್ತರವೇನೋ ಚೆನ್ನಾಗಿಯೇ ಇತ್ತು.) ಅಲ್ಲಿಂದಾಚೆಗೆ ಘಟಕವನ್ನು ಬರೆಯುವುದಕ್ಕೆ ಮೊದಲೇ, ಅದರಲ್ಲಿ ಬರುವ ಸೂಚನಾಪದಗಳ ಪಟ್ಟಿಯನ್ನು ಮೂರೂ ಭಾಷೆಯವರು ಒಟ್ಟಿಗೆ ಕುಳಿತು ಸಿದ್ಧಪಡಿಸತೊಡಗಿದೆವು; ಪ್ರತಿ ಪದದ ಎದುರಿಗೆ ವಿದ್ಯಾರ್ಥಿ ನಿಜವಾಗಿ ಮಾಡಬೇಕಾದದ್ದೇನು ಎಂಬುದನ್ನು ಒಂದು ವಾಕ್ಯದಲ್ಲಿ ಬರೆದು, ಆ ವಾಕ್ಯ ಯಾವುದಾದರೂ ಭಾಷೆಗೆ ಒಗ್ಗದಿದ್ದರೆ ಅನುವಾದವನ್ನು ತಿದ್ದುವ ಬದಲು ಪ್ರಶ್ನೆಯನ್ನೇ ಬದಲಿಸಿದೆವು.

ಆನ್‌ಲೈನ್ ಕೋರ್ಸು ನಡೆಸುವ ತಂತ್ರಾಂಶವಾದ ಮೂಡಲ್‌ನ (Moodle) ಬಹುಭಾಷಾ ಫಿಲ್ಟರ್ ಪ್ರತಿಯೊಬ್ಬರಿಗೂ ಅವರವರು ಆರಿಸಿಕೊಂಡ ಭಾಷೆಯ ಪಠ್ಯವನ್ನಷ್ಟೇ ತೋರಿಸುತ್ತದೆ. ಪಾಠದ ಪುಟಗಳಿಗೆ ಇದು ಅನುಕೂಲ, ಗುಂಪು ಚಟುವಟಿಕೆಗೆ ಅಡ್ಡಿ ಎಂಬುದು ನನ್ನ ಅಭಿಪ್ರಾಯ; ಜೊತೆಗಾರನಿಗೆ ಏನು ಹೇಳಲಾಗಿದೆ ಎಂಬುದೇ ಕಾಣದೆ ಹೋದರೆ ಒಟ್ಟಿಗೆ ಕೆಲಸ ಮಾಡುವುದಾದರೂ ಹೇಗೆ? ಆದ್ದರಿಂದ ಗುಂಪುಕೆಲಸದ ಸೂಚನೆಗಳನ್ನು ಫಿಲ್ಟರಿನಿಂದ ಹೊರಗಿಟ್ಟು, ಮೂರೂ ಭಾಷೆಗಳನ್ನು ಅಕ್ಕಪಕ್ಕದಲ್ಲೇ ಕೊಟ್ಟೆವು. ಬಲದಿಂದ ಎಡಕ್ಕೆ ಸಾಗುವ ಅರಬ್ಬಿ ಸಾಲಿನ ಕೊನೆಯಲ್ಲಿ ಇಂಗ್ಲಿಷ್ ಪದ ಬಂದಲ್ಲಿ ಪೂರ್ಣವಿರಾಮ ತಪ್ಪು ತುದಿಗೆ ಜಿಗಿಯುತ್ತಿದ್ದುದರಿಂದ, ಅರಬ್ಬಿ ಬಲ್ಲ ಸಹೋದ್ಯೋಗಿ ಪ್ರತಿ ಪುಟವನ್ನೂ ಕಣ್ಣಾರೆ ನೋಡಿ ಒಪ್ಪಿದ ನಂತರವೇ ಅದನ್ನು ತೆರೆಯುತ್ತಿದ್ದೆವು.

ಕೋರ್ಸು ಮುಗಿಸಿದವರಿಗೆ ಸಲ್ಲುವ ಕ್ರೆಡಿಟ್‌ಗಳ ಚರ್ಚೆಯನ್ನು ಬೇಗ ಮುಗಿಸಿದೆವು. ಯುರೋಪಿನ ವಿಶ್ವವಿದ್ಯಾಲಯಗಳ ಸಾಮಾನ್ಯ ಪದ್ಧತಿಯಾದ ಇಸಿಟಿಎಸ್‌ನಲ್ಲಿ 1 ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ಕೆಲಸ, ಅಮೆರಿಕದ ಸೆಮಿಸ್ಟರ್ ಕ್ರೆಡಿಟ್ ಎಂದರೆ ಸುಮಾರು 45 ಗಂಟೆ. ಹಾಗಾಗಿ ಕೋರ್ಸನ್ನು ಗಂಟೆಗಳಲ್ಲಿ ಲೆಕ್ಕಹಾಕಿ, ಕ್ರೆಡಿಟ್ ಕೊಡುವುದನ್ನು ಆಯಾ ವಿಶ್ವವಿದ್ಯಾಲಯಕ್ಕೆ ಬಿಟ್ಟೆವು.

ಎರಡನೆಯ ಸಲ ಕೋರ್ಸು ನಡೆದಾಗ ಆ ಪ್ರಶ್ನಾವಳಿಗೆ ಸ್ಪ್ಯಾನಿಷಿನಲ್ಲಿ ‘ನಿಮ್ಮ ಅಭಿಪ್ರಾಯ’ ಎಂದಷ್ಟೇ ಹೆಸರಿಟ್ಟೆವು. ಉತ್ತರಗಳು ಎರಡು ಸಾಲಿಗೆ ಇಳಿದವು.