ಬ್ರಿಟಿಷರ ಕಾಲದ ಹಿರಿಯರನ್ನು ಹಳೆಯ ಕಡತಗಳಲ್ಲಿ ಹುಡುಕುವ ಬಗೆ

ಮುತ್ತಾತನ ಹೆಸರು ಗೊತ್ತು, ಊರು ಗೊತ್ತು, ಅದರ ಹಿಂದಿನದು ತಿಳಿಯದು ಎಂಬಲ್ಲಿಗೆ ನಮ್ಮಲ್ಲಿ ಹೆಚ್ಚಿನ ಮನೆತನಗಳ ಕಥೆ ನಿಂತುಬಿಡುತ್ತದೆ. ಹತ್ತೊಂಬತ್ತನೆಯ ಶತಮಾನದ ಜನನ ಮರಣಗಳ ದಾಖಲೆ ಹಳ್ಳಿಗಳಲ್ಲಿ ಸಿಗುವುದೇ ಅಪರೂಪ. 1871 ಮತ್ತು 1881ರಲ್ಲಿ ಜನಗಣತಿ ನಡೆಯಿತಾದರೂ ಮನೆಮನೆಯ ಹೆಸರುಗಳಿದ್ದ ಹಾಳೆಗಳನ್ನು ಉಳಿಸಲಿಲ್ಲ. ಅಚ್ಚಾದ ವರದಿಗಳಲ್ಲಿ ಇರುವುದು ಬರೀ ಒಟ್ಟು ಲೆಕ್ಕ. ಆದರೆ ಕಂದಾಯ ವಸೂಲಾಗಬೇಕಿದ್ದ ಪ್ರತಿಯೊಂದು ತುಂಡು ಭೂಮಿಯ ಲೆಕ್ಕವನ್ನು ಸರ್ಕಾರ ಬಲು ಎಚ್ಚರಿಕೆಯಿಂದ ಇಟ್ಟಿತು. ಆದ್ದರಿಂದ ಹಿರಿಯರನ್ನು ಹುಡುಕ ಹೊರಟವರು ಮೊದಲು ಅವರು ಉತ್ತ ಹೊಲ ಯಾವುದೆಂದು ಗುರುತಿಸಿಕೊಳ್ಳುವುದು ಒಳ್ಳೆಯದು.

ಅದಕ್ಕೂ ಮುನ್ನ, ನಿಮ್ಮ ಊರು ಯಾವ ಕಾಲದಲ್ಲಿ ಯಾರ ಆಡಳಿತದಲ್ಲಿತ್ತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಏಕೆಂದರೆ ಇಂದಿನ ಜಿಲ್ಲೆಯ ಹೆಸರು ಹಿಡಿದು ಹುಡುಕಿದರೆ ಅರ್ಧ ಕಡತಗಳು ಕೈತಪ್ಪುತ್ತವೆ. ಕಾರವಾರದ ಕಡೆಯವರ ಕಾಗದಗಳು 1862ರವರೆಗೆ ಮದರಾಸಿನ ವ್ಯವಹಾರ, ಅಲ್ಲಿಂದ ಮುಂದೆ ಮುಂಬಯಿಯ ವ್ಯವಹಾರ. ಮಂಗಳೂರಿನ ಕಡೆಯವರು 1956ರವರೆಗೂ, ಬಳ್ಳಾರಿಯವರು 1953ರವರೆಗೂ ಮದರಾಸಿಗೆ ಸೇರಿದ್ದರು. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಈಗಿನ ವಿಜಯಪುರದ ಸೀಮೆ ಹಳೆಯ ಕಾಗದಗಳಲ್ಲಿ ಕಲಾದಗಿ ಜಿಲ್ಲೆ ಎಂದಿರುತ್ತದೆ. ಬೀದರ, ಕಲಬುರಗಿ, ರಾಯಚೂರುಗಳದು ನಿಜಾಮರ ಸರ್ಕಾರದ ದಫ್ತರು, ಅದರಲ್ಲಿ ಬಹುಪಾಲು ಪಾರಸಿ ಮತ್ತು ಉರ್ದು. ಹೀಗಾಗಿ ಕನ್ನಡದ ಒಂದು ಮನೆತನದ ಕಡತಗಳು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿಯೇ ಇರಬೇಕೆಂದಿಲ್ಲ. ಚೆನ್ನೈನ ಎಗ್ಮೋರಿನಲ್ಲಿ, ಮುಂಬಯಿ ಪುಣೆಗಳಲ್ಲಿ ಅಥವಾ ಹೈದರಾಬಾದಿನಲ್ಲಿ ಇರಬಹುದು.

ಇನ್ನು ಕೆಲಸವನ್ನು ಮನೆಯಿಂದಲೇ ಆರಂಭಿಸಿ. ಅಟ್ಟದ ಪೆಟ್ಟಿಗೆಯಲ್ಲಿ ಒಂದು ಹಳೆಯ ಪಹಣಿ, ಕಂದಾಯದ ರಸೀದಿ ಅಥವಾ ಕ್ರಯಪತ್ರ ಸಿಕ್ಕರೆ ಅದರಿಂದ ಸರ್ವೆ ನಂಬರು ದೊರೆಯುತ್ತದೆ. ಮೈಸೂರು ಸೀಮೆಯಲ್ಲಿ 1863ರಿಂದ ಮುಂಬಯಿ ಪದ್ಧತಿಯ ಸರ್ವೆ ಶುರುವಾಯಿತು. ಆಗ ಕೊಟ್ಟ ನಂಬರುಗಳು ಎಷ್ಟೋ ಊರುಗಳಲ್ಲಿ ಇಂದಿಗೂ ನಡೆದುಬಂದಿವೆ, ಬದಲಾದ ಕಡೆ ಹಳೇ ನಂಬರು ಹೊಸ ನಂಬರುಗಳ ಹೊಂದಾಣಿಕೆಯನ್ನು ತಾಲ್ಲೂಕಿನ ದಾಖಲೆ ಕೊಠಡಿಯಲ್ಲಿ ವಿಚಾರಿಸಬೇಕು. ನಂಬರು ಸಿಕ್ಕ ಮೇಲೆ ಆಕಾರಬಂದು (ಪ್ರತಿ ನಂಬರಿನ ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ), ಟಿಪ್ಪಣಿ (ಅಳತೆಯ ನಕ್ಷೆ), ಪೋಡಿ ಕಡತ (ಹೊಲ ಒಡೆದು ಪಾಲಾದ ದಾಖಲೆ), ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್ ಎಂಬ ಜಮೀನು ಹಾಗೂ ಹಕ್ಕುಗಳ ಪುಸ್ತಕಗಳ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಉತ್ತರ ಕರ್ನಾಟಕದವರು ಹಳೆಯ ಉತಾರ (ಪಹಣಿ) ಮತ್ತು ವಾರಸಾ ಡೈರಿಗಳನ್ನು (ವಾರಸುದಾರರ ಹೆಸರು ಬರೆದಿಟ್ಟ ಪುಸ್ತಕಗಳನ್ನು) ಕೇಳಬೇಕು. ಈ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ಭೂ ಸುರಕ್ಷಾ ಯೋಜನೆಯಲ್ಲಿ ನಡೆಯುತ್ತಿರುವುದರಿಂದ ಮೊದಲಿನಷ್ಟು ಧೂಳು ಕುಡಿಯಬೇಕಾಗಿಲ್ಲ.

ಒಂದು ಕ್ರಯಪತ್ರವನ್ನು ಓದುವ ಬಗೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಬಹಳ ಮಂದಿ ಕೊಂಡವರ ಮತ್ತು ಮಾರಿದವರ ಹೆಸರುಗಳನ್ನು ಗುರುತು ಹಾಕಿಕೊಂಡು ಕಾಗದವನ್ನು ಮಡಿಸಿ ಇಟ್ಟುಬಿಡುತ್ತಾರೆ. ‘ತಿಮ್ಮೇಗೌಡ ಬಿನ್ ಕೆಂಪೇಗೌಡ’ ಎಂದರೆ ಕೆಂಪೇಗೌಡನ ಮಗ. ‘ಲಕ್ಷ್ಮಮ್ಮ ಕೋಂ ರಾಮಯ್ಯ’ ಎಂದರೆ ರಾಮಯ್ಯನ ಹೆಂಡತಿ. ಈ ಎರಡು ಚಿಕ್ಕ ಪದಗಳಿಂದಲೇ ಒಂದು ತಲೆಮಾರು ಹಿಂದಕ್ಕೆ ಸರಿದಂತಾಯಿತು. ಆಮೇಲೆ ಬರುವುದು ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆಗಳು. ಅಣ್ಣತಮ್ಮಂದಿರು ಪಾಲಾದಾಗ ಒಂದೇ ಹೊಲ ಒಡೆದು ಅಕ್ಕಪಕ್ಕದ ತುಂಡುಗಳಾಗುವುದು ಸಾಮಾನ್ಯವಾದ್ದರಿಂದ, ‘ಪೂರ್ವಕ್ಕೆ ಇಂಥವರ ಜಮೀನು’ ಎಂದು ಬರೆದಿರುವ ಆ ನೆರೆಯವನು ಎಷ್ಟೋ ಸಲ ದಾಯಾದಿಯೇ ಆಗಿರುತ್ತಾನೆ. ಕೊನೆಗೆ ಸಾಕ್ಷಿಗಳ ರುಜು, ಹೆಬ್ಬೆಟ್ಟಿನ ಗುರುತು ಮತ್ತು ಬಿಕ್ಕಲಂ, ಅಂದರೆ ಪತ್ರ ಬರೆದವನ ಹೆಸರು. ಸಾಕ್ಷಿ ಹಾಕಿದವರಲ್ಲಿ ಸೋದರಮಾವನೋ ಬೀಗನೋ ಇರುವ ಸಂಭವ ಹೆಚ್ಚು. ಬ್ರಿಟಿಷ್ ಪ್ರಾಂತ್ಯಗಳಲ್ಲಿ 1864ರ ಕಾಯಿದೆಯ ನಂತರ 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಪತ್ರಗಳು ನೋಂದಣಿಯಾಗಬೇಕಾಗಿದ್ದುದರಿಂದ, ಮೂಲಪತ್ರ ಗೆದ್ದಲಿಗೆ ಹೋಗಿದ್ದರೂ ಉಪನೋಂದಣಿ ಕಚೇರಿಯ ಪುಸ್ತಕದಲ್ಲಿ ನಕಲು ಇರಬಹುದು.

ಕಾಲಗಣನೆಯಲ್ಲಿ ಎಡವುವವರು ಬಹಳ. ಹಳೆಯ ಪತ್ರಗಳು ಶಾಲಿವಾಹನ ಶಕ ಮತ್ತು ಸಂವತ್ಸರದಿಂದ ಶುರುವಾಗುತ್ತವೆ: ಶಕಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆ, ಮದರಾಸಿನ ಕಡೆಯ ಫಸಲಿಗೆ, ಅಂದರೆ ಕಂದಾಯದ ವರ್ಷಕ್ಕೆ, 590 ಕೂಡಿಸಬೇಕು. ಧಾತು ಸಂವತ್ಸರ ಶಕ 1798, ಅಂದರೆ 1876. ಆದರೆ ವರ್ಷ ಯುಗಾದಿಗೆ ಬದಲಾಗುವುದರಿಂದ ಅದೇ ಧಾತು ಸಂವತ್ಸರದ ಮಾಘ ಮಾಸ 1877ಕ್ಕೆ ಬೀಳುತ್ತದೆ. ಶಕವಿಲ್ಲದೆ ಬರೀ ಸಂವತ್ಸರವಿದ್ದರೆ ಅರವತ್ತು ವರ್ಷ ಹಿಂದಕ್ಕೋ ಮುಂದಕ್ಕೋ ತಪ್ಪುವ ಅಪಾಯವಿದೆ. ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವ ನಮ್ಮ ರೂಢಿ ಈ ಅಪಾಯವನ್ನು ಇನ್ನೂ ಹೆಚ್ಚಿಸುತ್ತದೆ. ನಮ್ಮ ಮನೆಯ ಪಟ್ಟಿಯಲ್ಲಿಯೇ ನಾನು ಒಬ್ಬನೆಂದು ಎಣಿಸಿದ್ದವರು ಇಬ್ಬರೆಂದು ತಿಳಿದದ್ದು ಬಹಳ ತಡವಾಗಿ: ಒಂದು ಪತ್ರದಲ್ಲಿ ಸೊಗಸಾಗಿ ಮೋಡಿ ಲಿಪಿಯಲ್ಲಿ ರುಜು ಮಾಡಿದ್ದವನು, ನಲವತ್ತು ವರ್ಷದ ಮೇಲಿನ ಇನ್ನೊಂದರಲ್ಲಿ ಹೆಬ್ಬೆಟ್ಟು ಒತ್ತಿದ್ದ. ಬರೆಯಬಲ್ಲ ಕೈ ಹೆಬ್ಬೆಟ್ಟಿಗೆ ಇಳಿಯುವುದುಂಟೇ ಎಂಬ ಅನುಮಾನ ಬಂದ ಮೇಲೆಯೇ ತಾತ ಮೊಮ್ಮಗರು ಬೇರೆಯಾದರು.

ಧಾತು ಈಶ್ವರದ ಬರವನ್ನು, ಅಂದರೆ ಆ ಎರಡು ಸಂವತ್ಸರಗಳಲ್ಲಿ (1876–78) ಬಿದ್ದ ಮಹಾಬರವನ್ನು, ಪ್ರತ್ಯೇಕವಾಗಿ ಹೇಳಬೇಕು. 1871ರಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಆ ಹತ್ತು ವರ್ಷಗಳಲ್ಲಿ ಒಂದು ಹೆಸರು ಖಾತೆಯಿಂದ ಮರೆಯಾಗಿ ಹೊಲ ಬೀಳು ಬಿದ್ದಿದ್ದರೆ, ಕಾಗದ ಹರಿದುಹೋಗಿದೆ ಎಂದಷ್ಟೇ ತಿಳಿಯಬೇಡಿ. ಮನೆಯವರು ಸತ್ತಿರಬಹುದು, ಇಲ್ಲವೇ ನೆಂಟರ ಊರಿಗೆ ಗುಳೆ ಹೋಗಿರಬಹುದು. ಹೆಣ್ಣುಮಕ್ಕಳನ್ನು ಕೊಟ್ಟ ಮತ್ತು ತಂದ ಊರುಗಳ ಖಾತೆಗಳಲ್ಲಿ 1880ರ ನಂತರ ಹೊಸದಾಗಿ ಕಾಣುವ ಹೆಸರುಗಳನ್ನು ಹುಡುಕಿ ನೋಡಿ.

ಕಂದಾಯ ಕಟ್ಟುವ ಭೂಮಿಯಿಲ್ಲದವರ ಗತಿಯೇನು ಎಂದು ಕೇಳಬಹುದು. ತಳವಾರ, ತೋಟಿ, ನೀರಗಂಟಿ, ಶಾನುಭೋಗ, ಪಟೇಲ ಮುಂತಾದ ಊರ ಚಾಕರಿಯ ಮನೆಗಳಿಗೆ ಇನಾಮು ಅಥವಾ ವತನು, ಅಂದರೆ ಚಾಕರಿಗಾಗಿ ಬಿಟ್ಟುಕೊಟ್ಟ ಜಮೀನು, ಇರುತ್ತಿತ್ತು. ಅವರ ಪಾಲಿಗೆ ಇನಾಂ ಕಮಿಷನ್ನಿನ ಕಡತಗಳಷ್ಟು ಉಪಕಾರಿಯಾದದ್ದು ಬೇರೊಂದಿಲ್ಲ. ಮುಂಬಯಿಯಲ್ಲಿ 1852ರ ಕಾಯಿದೆಯಂತೆ, ಮದರಾಸಿನಲ್ಲಿ 1858ರಿಂದ ನಡೆದ ಈ ವಿಚಾರಣೆಗಳಲ್ಲಿ ಇನಾಮು ಮೊದಲು ಯಾರಿಗೆ ದೊರೆಯಿತು, ಈಗಿನವರಿಗೆ ಅವರು ಏನಾಗಬೇಕು ಎಂಬುದನ್ನು ಕೇಳಿ ಬರೆದುಕೊಂಡರು. ಮೈಸೂರಿನಲ್ಲಿ 1961ರ ಗ್ರಾಮ ಹುದ್ದೆ ರದ್ದತಿ ಕಾಯಿದೆಯ ನಂತರ ಜಮೀನು ಮರುಮಂಜೂರಾತಿಗೆ ಹಾಕಿದ ಅರ್ಜಿಗಳಲ್ಲಿಯೂ ವಂಶಾವಳಿ ಇರುತ್ತದೆ. ಪಾಲಿನ ದಾವೆಗಳ ಕಡತಗಳಲ್ಲಿಯೂ ಇರುತ್ತದೆ, ಆದರೆ ಅದನ್ನು ಗೆಲ್ಲಬೇಕೆಂದವರು ಬರೆಸಿರುತ್ತಾರೆ. ದತ್ತು ಹೋದವನನ್ನು, ಎರಡನೆಯ ಹೆಂಡತಿಯ ಮಕ್ಕಳನ್ನು, ಎಲ್ಲ ಹೆಣ್ಣುಮಕ್ಕಳನ್ನು ಬಿಟ್ಟಿರುವುದುಂಟು. ಎದುರು ಪಕ್ಷದವರ ಪ್ರತಿವಾದ ಪತ್ರವನ್ನೂ ತೆಗೆಸಿ ಓದಿ. ಮನೆಯ ಹೆಂಗಸರ ಹೆಸರುಗಳು ಸಿಗುವುದೂ ಇಂಥಲ್ಲಿಯೇ: ವಿಧವೆಯ ಜೀವನಾಂಶದ ದಾವೆ, ದತ್ತಕಪತ್ರ, ದಾನಪತ್ರ.

ಕರಾವಳಿಯ ಅಳಿಯಸಂತಾನದ ಕುಟುಂಬಗಳಲ್ಲಿ ತಂದೆಯ ನಂತರ ಮಗ ಎಂಬ ಊಹೆಯನ್ನೇ ಕೈಬಿಡಬೇಕು. ವರ್ಗದ (ಕರಾವಳಿಯ ಜಮೀನು ಹಿಡುವಳಿಯ) ಲೆಕ್ಕದಲ್ಲಿ ಒಬ್ಬ ಯಜಮಾನನ ನಂತರ ಕಾಣುವ ಹೆಸರು ಅವನ ತಮ್ಮನದೋ ಸೋದರಳಿಯನದೋ ಆಗಿರುತ್ತದೆ; ಅಲ್ಲಿ ವಂಶದ ಗೆರೆ ಎಳೆಯಬೇಕಾದದ್ದು ಅಕ್ಕತಂಗಿಯರ ಮೂಲಕ.

ಕಾಗದವೇ ಇಲ್ಲದ ಕಡೆ, ಮನೆತನಗಳ ವಂಶಾವಳಿ ಹೇಳುವ ಹೆಳವರನ್ನು ನೆನೆಯಬೇಕು. ಸುಗ್ಗಿ ಮುಗಿದ ಮೇಲೆ ಎತ್ತು ಹೂಡಿಕೊಂಡು, ಗಂಟೆ ಹಿಡಿದು ಬಂದು ಮನೆತನದ ಹೆಸರುಗಳನ್ನು ಒಂದೇ ಉಸಿರಿಗೆ ಹೇಳುವ ಇವರು ತಮ್ಮ ಒಕ್ಕಲುಗಳನ್ನು ಹಂಚಿಕೊಂಡಿರುತ್ತಾರೆ. ನಿಮ್ಮ ಬೆಡಗಿಗೆ (ಕುಲದ ಕವಲಿಗೆ) ಬರುವ ಹೆಳವರು ಯಾರೆಂದು ಊರಿನ ಹಿರಿಯರನ್ನು ಕೇಳಿ, ಮುಂದಿನ ಸಲ ಬಂದಾಗ ಕಾಳು ದುಡ್ಡು ಕೊಟ್ಟು, ಅವರ ಒಪ್ಪಿಗೆ ಪಡೆದು ಧ್ವನಿಮುದ್ರಣ ಮಾಡಿಕೊಳ್ಳಿ. ಮೂಲಪುರುಷ ಎಲ್ಲಿಂದ ಬಂದನೆಂಬ ಭಾಗದಲ್ಲಿ ಹೊಗಳಿಕೆ ಸೇರಿರುತ್ತದೆ, ಈಚಿನ ನಾಲ್ಕೈದು ತಲೆಮಾರುಗಳನ್ನು ಮಾತ್ರ ಖಾತೆಗಳೊಂದಿಗೆ ತಾಳೆ ನೋಡಬಹುದು. ಕಾಶಿ, ಗಯೆ, ತ್ರ್ಯಂಬಕಗಳ ತೀರ್ಥಪುರೋಹಿತರ ವಹಿಗಳಲ್ಲಿಯೂ ಯಾತ್ರೆಗೆ ಹೋದವರು ತಮ್ಮ ಕೈಯಾರೆ ಬರೆದ ಹೆಸರುಗಳು ಸಿಕ್ಕುವುದುಂಟು.

ಸಿಕ್ಕಿದ್ದನ್ನೆಲ್ಲ ಬರೆದಿಡುವಾಗ ಪ್ರತಿ ಹೆಸರಿನ ಎದುರು ಅದು ಯಾವ ಕಾಗದದಿಂದ, ಯಾವ ಪುಟದಿಂದ ಬಂದದ್ದೆಂದು ನಮೂದಿಸಿ. ಶಾಲೆಯ ದಾಖಲಾತಿ ಪುಸ್ತಕದ ಹುಟ್ಟಿದ ದಿನಾಂಕವನ್ನು ಅನುಮಾನಿಸಿ. ಮಕ್ಕಳನ್ನು ಸೇರಿಸಿಕೊಳ್ಳುವ ಅನುಕೂಲಕ್ಕೆ ಮೇಷ್ಟರು ಗೊತ್ತುಮಾಡಿದ ದಿನಗಳು ಅಲ್ಲಿ ಬಹಳ ಇವೆ. ಎರಡು ಬೇರೆ ಬೇರೆ ಮೂಲಗಳು ಒಪ್ಪಿದ ಸಂಬಂಧಕ್ಕೆ ಮಸಿಯ ಗೆರೆ ಎಳೆಯಿರಿ, ಒಂದೇ ಮೂಲದ್ದಕ್ಕೆ ಸೀಸದ ಕಡ್ಡಿಯ ಚುಕ್ಕೆಗೆರೆ ಸಾಕು. ನಮ್ಮ ಪಟ್ಟಿಯ ತುದಿಯಲ್ಲಿ ಅಂಥದೊಂದು ಚುಕ್ಕೆಗೆರೆ ಇನ್ನೂ ಇದೆ: ಹೆಳವರು ಹೇಳಿದ ಒಂದು ಹೆಸರು, ಚೆಕ್ಕುಬಂದಿಯಲ್ಲಿ ಪಶ್ಚಿಮಕ್ಕೆ ಕಾಣುವ ಅದೇ ಹೆಸರು, ನಡುವೆ ಬಿನ್ ಎಂಬ ಪದವಿದ್ದ ಜಾಗದಲ್ಲಿ ಹುಳು ತಿಂದ ತೂತು.