ಕುಂಕುಮದ ನೀರು, ಫ್ರಿಜ್‌ನ ಬೀಗದ ಕೈ

ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಹೆರಿಗೆ ಡಾಕ್ಟರ್. ಹೆರಿಗೆಯಾದ ಮೇಲೆ ರಕ್ತ ಜಾಸ್ತಿ ಹೋದರೆ ಏನು ಮಾಡಬೇಕೆಂದು ನಮ್ಮ ಸಿಸ್ಟರ್‌ಗಳಿಗೆಲ್ಲ ಬಾಯಿಪಾಠ. ಆದರೂ ಒಂದು ರಾತ್ರಿ ಅಂಥ ಕೇಸ್ ಬಂದಾಗ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ಓಡಾಡಿದೆವು. ತಾಯಿ ಉಳಿದಳು. ನನಗೆ ಮಾತ್ರ ಎರಡು ದಿನ ನಿದ್ದೆ ಬರಲಿಲ್ಲ.

ಇದನ್ನು ಅಭ್ಯಾಸ ಮಾಡಿಸಲೆಂದೇ ಮಾಮಾನಟಾಲಿ ಎಂಬ ಸಾಧನ ಇದೆ. ಒಬ್ಬರು ಅದನ್ನು ಹೊಟ್ಟೆಗೆ ಕಟ್ಟಿಕೊಂಡು ಬಾಣಂತಿಯಾಗಿ ನಟಿಸುತ್ತಾರೆ. ನಮ್ಮಲ್ಲಿ ಅದಿರಲಿಲ್ಲ. ಸಲೈನ್ ಬ್ಯಾಗಿಗೆ ಕುಂಕುಮದ ನೀರು ತುಂಬಿ, ಪೈಪ್ ಸಮೇತ ಒಬ್ಬ ಸಿಸ್ಟರ್ ನೈಟಿಯೊಳಗೆ ಕಟ್ಟಿದೆವು. ಅತ್ತೆಯ ಪಾತ್ರಕ್ಕೆ ನಮ್ಮ ಆಯಾ. ಜಾಗ, ನಿಜವಾದ ಲೇಬರ್ ವಾರ್ಡೇ. ಹೊರಗೆ ಕೂತಿದ್ದ ರೋಗಿಗಳ ಕಡೆಯವರಿಗೆ ಮೊದಲೇ ಹೇಳಿದ್ದೆವು, ಇಲ್ಲದಿದ್ದರೆ ಗಲಾಟೆಯಾಗುತ್ತಿತ್ತು.

"ಯಾರಾದ್ರೂ ಆಕ್ಸಿಟೋಸಿನ್ ತನ್ನಿ!" ಎಂದು ಕಿರುಚಿದೆ. ಇಬ್ಬರು ಓಡಿದರು. ಗರ್ಭಕೋಶ ಬಿಗಿಯಾಗಿಸಿ ರಕ್ತ ನಿಲ್ಲಿಸುವ ಆ ಔಷಧ 2ರಿಂದ 8 ಡಿಗ್ರಿಯಲ್ಲಿರಬೇಕು, ಅದಕ್ಕೆ ಫ್ರಿಜ್. ಕಳವಾಗಬಾರದೆಂದು ಫ್ರಿಜ್‌ಗೆ ಬೀಗ. ಕೀ ಇನ್‌ಚಾರ್ಜ್ ಸಿಸ್ಟರ್ ಹತ್ತಿರ. ಅವರು ಊಟಕ್ಕೆ ಹೋಗಿದ್ದರು! ನಾಲ್ಕು ನಿಮಿಷ ಹೋಯಿತು. ಈ ಕಡೆ ಆಯಾ "ನನ್ ಸೊಸೆಗೆ ಏನಾಯ್ತು ಡಾಕ್ಟ್ರಮ್ಮಾ" ಅಂತ ನನ್ನ ಕೈ ಜಗ್ಗುತ್ತಿದ್ದಳು. ಆಟ ಅಂತ ಗೊತ್ತಿದ್ದೂ ಕೈ ನಡುಗಿತು.

ರಕ್ತಸ್ರಾವ ತಗ್ಗಿಸುವ ಇನ್ನೊಂದು ಔಷಧ, ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಕೊಡಿ ಎಂದಿದ್ದೆ. ಅದನ್ನು ಇವರು ಕೊಟ್ಟಿರುತ್ತಾರೆ ಎಂದು ಅವರು, ಅವರು ಕೊಟ್ಟಿರುತ್ತಾರೆ ಎಂದು ಇವರು. ಕೊನೆಗೆ ಯಾರೂ ಕೊಟ್ಟಿರಲಿಲ್ಲ.

ಆಮೇಲೆ ಟೀ ಕುಡಿಯುತ್ತಾ ಕೂತು ಮಾತಾಡಿದೆವು. ಮೊದಲು ನನ್ನ ತಪ್ಪು ನಾನೇ ಹೇಳಬೇಕು ಅಂತ ಮಾಡಿಕೊಂಡಿದ್ದೆ. ನಾನು ಬಾಯಿ ಬಿಡುವಷ್ಟರಲ್ಲಿ ಹೊಸದಾಗಿ ಸೇರಿದ ಸಿಸ್ಟರ್, "ಮೇಡಂ, ನೀವು ಯಾರನ್ನೂ ಹೆಸರು ಹಿಡಿದು ಕರೀಲಿಲ್ಲ" ಎಂದಳು. ಸರಿಯಾಗಿಯೇ ಹೇಳಿದಳು. ಎಷ್ಟು ರಕ್ತ ಹೋಗಿರಬಹುದು ಎಂದು ಕೇಳಿದರೆ, ಬಟ್ಟೆ ನೋಡಿ ಎಲ್ಲರೂ 300 ಮಿಲಿ ಅಂದರು. ಬ್ಯಾಗಿಂದ ಹೋಗಿದ್ದು 800! 500 ದಾಟಿದರೇ ಅಪಾಯ, ಅಲ್ವಾ. ಬೆಳಗಾವಿಯಲ್ಲಿ ಬಾಣಂತಿಯ ಕೆಳಗೆ ರಕ್ತ ಹಿಡಿಯಲು ಅಳತೆಗೆರೆಯ ಪ್ಲಾಸ್ಟಿಕ್ ಹಾಳೆ ಇಟ್ಟು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಗಿತ್ತು. ಅದರಲ್ಲೂ ಕಣ್ಣಂದಾಜು ಸುಮಾರು ಮೂರನೇ ಒಂದು ಭಾಗ ಕಮ್ಮಿ ಬಂದಿತ್ತು. ಓದಿದ್ದೆ, ನನಗೆ ತಟ್ಟಿದ್ದು ಆವತ್ತು.

ಈಗ ಫ್ರಿಜ್‌ಗೆ ಬೀಗವಿಲ್ಲ. ಹೇಳಿದ್ದನ್ನು ಕೇಳಿಸಿಕೊಂಡವರು ಗಟ್ಟಿಯಾಗಿ ಮರುಹೇಳಿ, ಮುಗಿದ ಮೇಲೆ "ಕೊಟ್ಟೆ" ಎನ್ನಬೇಕು. ಎರಡನೇ ಸಲ ಆಕ್ಸಿಟೋಸಿನ್ ಒಂದು ನಿಮಿಷದೊಳಗೆ ಬಂತು.

ಆದರೆ ಇದೆಲ್ಲ ಹಗಲಲ್ಲಿ, ಆರು ಜನ ಇದ್ದಾಗ. ರಾತ್ರಿ ಪಾಳಿಯಲ್ಲಿ ಇರುವುದು ಇಬ್ಬರು ಸಿಸ್ಟರ್, ಒಬ್ಬ ಆಯಾ. ಮುಂದಿನ ಡ್ರಿಲ್ ರಾತ್ರಿ ಎರಡಕ್ಕೆ.